ಆಲಿಕಲ್ಲಿನ ಕಾವಲುಗಾರ ಸತುರ್ನೀನೋ

ನಮ್ಮ ಬೆಟ್ಟದೂರು ಚಾಕಪಂಪದಲ್ಲಿ ಹನ್ನೊಂದು ವರ್ಷ ಆಲಿಕಲ್ಲಿನ ಕಾವಲು ಕಾದವನು ಸತುರ್ನೀನೋ ಹುವಾಲ್ಪ. ಆಲೂಗಡ್ಡೆ ಹೂ ಬಿಡುವ ಕಾಲಕ್ಕೆ ಗುಡ್ಡದ ಮೇಲಿನ ಗುಡಿಸಲು ಸೇರುವುದು, ಕರಿಮೋಡ ಕಂಡರೆ ಶಂಖ ಊದಿ ಅದರತ್ತ ಬಾಣ ಬಿರುಸು ಹಾರಿಸುವುದು, ಇಷ್ಟೇ ಅವನ ಕೆಲಸ. ಇದಕ್ಕೆ ಮನೆಗೊಂದು ಬುಟ್ಟಿ ಆಲೂಗಡ್ಡೆ, ಜಗಿಯಲು ಕೋಕಾ ಎಲೆ, ಮೆಕ್ಕೆಜೋಳದ ಹೆಂಡ. ಹನ್ನೊಂದು ವರ್ಷದಲ್ಲಿ ಅವನು ತಡೆದ ಆಲಿಕಲ್ಲು ಒಂದೂ ಇಲ್ಲ. ಹಾಗೆಂದು ನಾನು ಹೇಳುತ್ತೇನೆ, ಅದೂ ಮನೆಯೊಳಗೆ. ಹೊರಗೆ ನಾನು ಊರ ಸಭೆಯ ನಡಾವಳಿ ಬರೆಯುವವನು. ಬಾಯಿ ಮುಚ್ಚಿಕೊಂಡು ಕೈ ಆಡಿಸುವುದು ನನ್ನ ಕಸುಬು.

ಮೋಡ ಚದುರಿ ಹೋಯಿತೇ? ಬಾಣ ಬಿಟ್ಟ ಮೇಲೆ ಹೋಯಿತು, ಆದ್ದರಿಂದ ಬಾಣವೇ ಓಡಿಸಿತು. ಪಕ್ಕದೂರಿನ ಹೊಲದ ಮೇಲೆ ಸುರಿಯಿತೇ? ಇವನೇ ಅತ್ತ ತಳ್ಳಿದ. ನಮ್ಮ ತಲೆಯ ಮೇಲೆಯೇ ಬಿತ್ತೇ? ಹಾಗಾದರೆ ಊರಿನಲ್ಲಿ ಯಾರೋ ಪಾಪ ಮುಚ್ಚಿಟ್ಟಿದ್ದಾರೆ. ಯಾವ ಪಾಪ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹೊಟ್ಟೆಯಲ್ಲೇ ಸತ್ತ ಕೂಸನ್ನು ದೀಕ್ಷಾಸ್ನಾನವಿಲ್ಲದೆ ಗುಟ್ಟಾಗಿ ಹೂತರೆ ಆಕಾಶ ಕಲ್ಲು ಎಸೆಯುತ್ತದೆ ಎಂಬುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಮಾತು. ಕಾಗೆ ಕೂತಿತು, ಕೊಂಬೆ ಮುರಿಯಿತು. ಸತುರ್ನೀನೋ ಹನ್ನೊಂದು ವರ್ಷವೂ ಆ ಕಾಗೆಯ ಹೆಸರಿನಲ್ಲಿ ಉಂಡ.

ಹೋದ ವರ್ಷ ಕಾರ್ನಿವಲ್ ಹಬ್ಬಕ್ಕೆ ಎಂಟು ದಿನ ಇರುವಾಗ ಕಲ್ಲು ಬಿದ್ದು ಅರ್ಧ ಊರಿನ ಬೆಳೆ ನೆಲಕಚ್ಚಿತು. ಸತುರ್ನೀನೋ ನಾಚಿಕೆಯಿಲ್ಲದೆ ಎದೆ ಸೆಟೆಸಿ ಗುಡ್ಡ ಇಳಿದು ಬಂದ. ಗುಟ್ಟಾಗಿ ಕೂಸು ಹೂತವಳೆಂದು ಬೆನಿತಾಳ ಹೆಸರು ಹೇಳಿದ. ಬೆನಿತಾಳ ಗಂಡ ಗಣಿಗೆ ಹೋಗಿ ಎರಡು ವರ್ಷವಾಗಿತ್ತು, ಸುದ್ದಿಯಿರಲಿಲ್ಲ. ಜನವರಿಯಲ್ಲಿ ಊರೆಲ್ಲ ಸೇರಿ ಕಾಲುವೆ ಹೂಳು ತೆಗೆಯುವಾಗ ಅವಳು ಬರಲಿಲ್ಲ, ಮೂರು ವಾರ ಮಲಗಿದ್ದಳು. ಮೊದಲು ಅವಳು ಮಲಗಿದಳು, ಆಮೇಲೆ ಕಲ್ಲು ಬಿತ್ತು. ಇನ್ನೇನು ಸಾಕ್ಷಿ ಬೇಕು? ಪಾಪ ಹೊತ್ತವರಿಗೆ ಊರ ಹೊಲದಲ್ಲಿ ಪಾಲಿಲ್ಲ ಎಂಬುದು ನಮ್ಮ ಕಟ್ಟಳೆ. ಅವಳಿಗೂ ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಇದ್ದದ್ದು ಒಂದೇ ಪಟ್ಟಿ ಹೊಲ, ಅದು ಹೋದರೆ ಊರೇ ಬಿಡಬೇಕು.

ಸಭೆಯಲ್ಲಿ ಬೆನಿತಾ ತನಗೆ ಟೈಫಾಯ್ಡ್ ಆಗಿತ್ತೆಂದು ನರ್ಸ್ ಬರೆದುಕೊಟ್ಟ ಚೀಟಿ ತೋರಿಸಿದಳು. ಕಾಗದಕ್ಕೆ ಮಣ್ಣಿನೊಳಗಿರುವುದು ಕಾಣುವುದಿಲ್ಲ ಎಂದ ಸತುರ್ನೀನೋ. ಜನ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ.

ಬೆನಿತಾ ಚೀಟಿ ಮಡಿಸಿಟ್ಟಳು. "ಮಾವ, ನಾನು ಮಲಗಿದ್ದು ಜನವರೀಲಿ. ನೀವು ಬಾಣ ಬಿಟ್ಟಿದ್ದು ಯಾವಾಗ?"

"ಮೊನ್ನೆ. ಕಲ್ಲು ಬೀಳೋಕೆ ಸ್ವಲ್ಪ ಮುಂಚೆ."

"ಹಂಗಾದ್ರೆ ಕಲ್ಲಿಗೆ ಹತ್ರ ಇದ್ದಿದ್ದು ನಾನೋ, ನಿಮ್ಮ ಬಾಣಾನೋ?"

ಹಿಂದಿನ ಸಾಲಿನ ಹೆಂಗಸರು ನಕ್ಕರು. ಬಾಣ ಸರಿಯಾಗೇ ಇತ್ತು, ಇವಳ ಪಾಪ ಅದರ ಶಕ್ತಿ ಹೀರಿಬಿಟ್ಟಿತು ಎಂದು ಸತುರ್ನೀನೋ ಗದರಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜನ ಮತ್ತೆ ತಲೆಯಾಡಿಸಿದರು.

"ಸರಿ, ನನ್ನಿಂದ್ಲೇ ಬಿತ್ತು ಅಂತಾನೇ ಇಟ್ಕೊಳ್ಳಿ," ಎಂದಳು ಬೆನಿತಾ. "ಪಾಪ ಊರು ಬಿಟ್ಟು ಹೋದ್ಮೇಲೆ ಕಲ್ಲು ಬೀಳಲ್ಲ ತಾನೇ? ಮತ್ತೆ ಕಾವಲು ಯಾಕೆ? ನನ್ನ ಹೊಲ ಕಿತ್ಕೊಳ್ಳೋ ದಿನಾನೇ ಮಾವನ ಗುಡಿಸಲೂ ಕೀಳ್ಬೇಕು ಅಂತ ಬರೀರಿ."

ನಾನು ಲೇಖನಿ ಎತ್ತಿದೆ. ಸತುರ್ನೀನೋ ಸಿಕ್ಕಿಬಿದ್ದ. ಪಾಪವಿಲ್ಲದೆಯೂ ಕಲ್ಲು ಬೀಳುತ್ತದೆ ಎಂದರೆ ಬೆನಿತಾ ಬಚಾವು. ಬೀಳುವುದಿಲ್ಲ ಎಂದರೆ ಇವನ ಹೆಂಡ ಹೋಯಿತು. ಕೆಲವು ಸಲ ಹಾಗೂ ಆಗುತ್ತದೆ, ಕೆಲವು ಸಲ ಹೀಗೂ ಆಗುತ್ತದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಊರಿಗೆ ಬುದ್ಧಿ ಬಂತೆಂದು ನಾನು ಒಂಬತ್ತು ದಿನ ನಂಬಿದ್ದೆ. ಆ ಒಂಬತ್ತು ದಿನವೂ ಬಿಸಿಲು ಕಾಯಿತು. ಹತ್ತನೆಯ ದಿನ ಸಭೆ ಸೇರಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಬೆನಿತಾ ಬಾಯಿ ತೆರೆದಳು, ಬಿಸಿಲು ಬಂತು. ಅವಳ ಮಾತಿಗೆ ಮೋಡ ಹೆದರುತ್ತದೆ. ಹೊಲ ಅವಳಿಗೇ ಇರಲಿ, ಕಾವಲೂ ಅವಳದೇ ಆಗಲಿ. ಬೇಡವೆಂದು ಅವಳು ಬೇಡಿಕೊಂಡಳು. ಊರು ಕೊಟ್ಟ ಹೊಣೆ ಒಲ್ಲೆ ಎಂದವರಿಗೂ ಹೊಲದಲ್ಲಿ ಪಾಲಿಲ್ಲ ಎಂದು ಸಭೆಯ ಮುಖಂಡ ನೆನಪಿಸಿದ. ಬೆನಿತಾ ಶಂಖ ತೆಗೆದುಕೊಂಡಳು.

ಈ ವರ್ಷ ಹೂ ಬಿಟ್ಟ ಹೊತ್ತಿಗೆ ಸರಿಯಾಗಿ ಕಲ್ಲು ಬಿತ್ತು. ಅವಳು ಗುಡ್ಡ ಇಳಿದು ಬಂದಾಗ ಊರೆಲ್ಲ ಶಾಲೆಯ ಅಂಗಳದಲ್ಲಿ ನಿಂತು ಅವಳನ್ನೇ ನೋಡುತ್ತಿತ್ತು. ಯಾರ ಪಾಪ ಎಂದು ಮುಖಂಡ ಕೇಳಿದ. ಇದಕ್ಕೆ ಯಾರ ಪಾಪವೂ ಕಾರಣವಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಕಾವಲುಗಾತಿಯದೇ ತಪ್ಪು ಎನ್ನುತ್ತಿದ್ದರು. ಅವಳು ತನ್ನ ಹೆಣ್ಣುಮಕ್ಕಳ ಕಡೆ ಒಮ್ಮೆ ನೋಡಿದಳು.

"ಕೆಲಸ ಹೋಯ್ತು ಅಂತ ಸತುರ್ನೀನೋ ಮಾವ ಊರಿಗೆ ಶಾಪ ಹಾಕವ್ರೆ," ಎಂದಳು. "ಮೊದಲು ಅವರ ಕೆಲಸ ಹೋಯ್ತು. ಆಮೇಲೆ ಕಲ್ಲು ಬಿತ್ತು."

ಸತುರ್ನೀನೋ ಎದ್ದು ನಿಂತ.

"ಒಂದಾದ್ಮೇಲೆ ಇನ್ನೊಂದು ಆಯ್ತು ಅಂದ್ರೆ, ಅದರಿಂದ್ಲೇ ಇದಾಯ್ತು ಅಂತ ಹೆಂಗ್ರಯ್ಯಾ ಆಗುತ್ತೆ?"

ಅರವತ್ತೊಂದು ವರ್ಷದ ಬದುಕಿನಲ್ಲಿ ಅವನು ಆಡಿದ ಮೊದಲ ಬುದ್ಧಿಯ ಮಾತು ಅದು. ನಡಾವಳಿಯಲ್ಲಿ ಅದನ್ನು ಬರೆದುಕೊಳ್ಳುವಂತೆ ಯಾರೂ ಹೇಳಲಿಲ್ಲ. ಅವನ ಹೊಲ ಕಿತ್ತುಕೊಳ್ಳಲು ಯಾರ ಒಪ್ಪಿಗೆ ಇದೆ ಎಂದು ಮುಖಂಡ ಕೇಳಿದ. ಎಲ್ಲರೂ ಕೈ ಎತ್ತಿದರು. ನಾನೂ ಲೇಖನಿ ಕೆಳಗಿಟ್ಟು ಕೈ ಎತ್ತಿದೆ.