ಮೂರು ಮನೆಯ ತಾಟು

ಮೇ ತಿಂಗಳು ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ಬಿಸಿಲಿಗಲ್ಲ, ಗದಗಿನಲ್ಲಿ ಹುಟ್ಟಿ ಬೆಳೆದವಳಿಗೆ ಬಿಸಿಲು ಹೊಸದಲ್ಲ. ಅಪ್ಪನ ಹೆಸರಿನಲ್ಲಿ ನಮ್ಮ ಕುಟುಂಬ ನಡೆಸುವ ಪ್ರತಿಷ್ಠಾನದ ‘ಮನೆ ನೋಡುವ’ ಕೆಲಸ ಆ ತಿಂಗಳಲ್ಲೇ ಬರುತ್ತದೆ.

ಅಪ್ಪ ಇದ್ದಾಗ ಇದಕ್ಕೆ ಹೆಸರೂ ಇರಲಿಲ್ಲ, ಫಾರ್ಮೂ ಇರಲಿಲ್ಲ. ಬೆಟಗೇರಿಯ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತೇ, ಕೇಳಿಕೊಂಡು ಬಂದ ಹುಡುಗರಿಗೆ ಪುಸ್ತಕ ಕೊಡಿಸಿ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣ ಅದನ್ನು ದೊಡ್ಡದು ಮಾಡಿದ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಶಾಲೆಗಳಿಗೆ ನೋಟ್‌ಬುಕ್ಕು, ಮುದುಕರಿಗೆ ಚಾದರ, ಹತ್ತನೆಯ ತರಗತಿ ಮುಗಿಸಿದ ಕೆಲವು ಬಡ ಮಕ್ಕಳಿಗೆ ಗದಗಿನಲ್ಲಿ ಕಾಲೇಜು ಮತ್ತು ಹಾಸ್ಟೆಲ್ಲಿನ ಎರಡು ವರ್ಷದ ಖರ್ಚು. ಒಳ್ಳೆಯ ಕೆಲಸವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ವರ್ಷ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದವನೊಬ್ಬ ಬಡವನೆಂದು ಬರೆಸಿಕೊಂಡು ಮಗನ ಖರ್ಚು ಗಿಟ್ಟಿಸಿದ. ಅಂದಿನಿಂದ ಅಣ್ಣನಿಗೆ ಯಾರ ಮಾತಿನ ಮೇಲೂ ನಂಬಿಕೆ ಇಲ್ಲ. ಅರ್ಜಿ ಹಾಕಿದವರ ಮನೆಗೆ ಹೋಗಿ ಕಣ್ಣಾರೆ ನೋಡಬೇಕು, ಅಲ್ಲೇ ಕೂತು ಫಾರ್ಮು ತುಂಬಬೇಕು ಎಂದು ಕಾಯ್ದೆ ಮಾಡಿದ. ಫಾರ್ಮಿನ ಕೊನೆಗೆ ‘ಮನೆಯ ಸ್ಥಿತಿ’ ಎಂದು ಮೂರು ಚೌಕ: ಉತ್ತಮ, ಸಾಧಾರಣ, ಕಷ್ಟ. ಕಷ್ಟಕ್ಕೆ ಗುರುತು ಬಿದ್ದರೆ ಮಾತ್ರ ಹಾಸ್ಟೆಲ್. ನಾನು ಹೈಸ್ಕೂಲ್ ಟೀಚರ್, ಅಕ್ಷರ ದುಂಡಗಿವೆ, ಮೇ ತಿಂಗಳು ರಜೆಯೂ ಇರುತ್ತದೆ ಎಂದು ಪೆನ್ನು ನನ್ನ ಕೈಗೆ ಬಂತು. ಅಣ್ಣ ಹೇಳಬೇಕು, ನಾನು ಗುರುತು ಹಾಕಬೇಕು.

ಎರಡು ವರ್ಷದ ಹಿಂದೆ ಯಳವತ್ತಿಯ ಒಂದು ಮನೆಗೆ ಹೋದೆವು. ಆ ಮನೆಯ ಹುಡುಗಿಗೆ ವಿಜ್ಞಾನ ಓದುವ ಆಸೆ, ಅಂಕಗಳೂ ಹಾಗೆಯೇ ಬಂದಿದ್ದವು. ಗದಗಿನ ಹಾಸ್ಟೆಲ್ ಸಿಕ್ಕರಷ್ಟೇ ಅದು ಆಗುವ ಮಾತು. ಅವಳ ಅಪ್ಪ ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಹಮಾಲ, ಅವತ್ತೂ ಮೂಟೆ ಹೊರಲು ಹೋಗಿದ್ದ. ನಾವು ಬರುವ ಸುದ್ದಿ ಮೊದಲೇ ತಲುಪಿತ್ತು. ಹೆಣ್ಣು ನೋಡಲು ಬೀಗರು ಬರುವ ಮನೆಯ ಹಾಗೆ ಆ ಮನೆ ಸಜ್ಜಾಗಿತ್ತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಟೇಬಲ್ ಫ್ಯಾನು. ಹುಡುಗಿಯ ಅವ್ವ ಮೊದಲು ಕೈಕಾಲಿಗೆ ನೀರು ಕೊಟ್ಟಳು, ಆಮೇಲೆ ಬೆಲ್ಲ ನೀರು, ಆಮೇಲೆ ತಾಟು. ತಾಟಿನ ತುಂಬ ಹೋಳಿಗೆ, ಅದರ ಮೇಲೆ ತುಪ್ಪ.

“ತಗೋರಿ ಸಾವಕಾರ್ರ, ಇನ್ನೊಂದ್ ಹಾಕಿಸ್ಕೋರಿ. ನಮ್ಮಂಥಾರ ಮನಿಗೆ ನೀವು ಮತ್ತ ಯಾವಾಗ ಬರ್ತೀರಿ,” ಎಂದು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒತ್ತಾಯ ಮಾಡಿದಳು. ಅಣ್ಣ ಎರಡು ತಿಂದ. ಸುಳ್ಳು ಯಾಕೆ ಹೇಳಲಿ, ನಾನೂ ಎರಡು ತಿಂದೆ.

ನಮ್ಮ ಕಡೆ ಸ್ಟೀಲ್ ಪಾತ್ರೆಗಳ ಮೇಲೆ ಮನೆಯವರ ಹೆಸರು ಕೊರೆಸುತ್ತಾರೆ, ನಾಲ್ಕು ಮಂದಿ ಸೇರಿದಲ್ಲಿ ಅದಲುಬದಲಾಗಬಾರದೆಂದು. ಹೋಳಿಗೆ ಮುಗಿಯುತ್ತ ಬಂದಾಗ ನನ್ನ ತಾಟಿನಲ್ಲಿ ಒಂದು ಅಡ್ಡಹೆಸರು ಕಾಣಿಸಿತು. ಅರ್ಜಿಯಲ್ಲಿದ್ದ ಹೆಸರು ಅದಲ್ಲ. ಅಣ್ಣನ ತಾಟಿನ ಅಂಚಿಗೆ ಕಣ್ಣು ಹಾಯಿಸಿದೆ, ಅಲ್ಲಿ ಇನ್ನೊಂದು. ನೀರಿನ ತಂಬಿಗೆಯ ಮೇಲೆ ಮತ್ತೊಂದು. ಆ ಹೆಂಗಸು ಓಣಿಯೆಲ್ಲ ತಿರುಗಿ ನಮಗಾಗಿ ಪಾತ್ರೆ ಕೂಡಿಸಿದ್ದಳು. ಅಲ್ಲೇ ಹೇಳಿದರೆ ಮಗಳ ಎದುರಿಗೆ ಅವಳ ಮಾನ ಹೋಗುತ್ತದೆ, ಹೇಳದಿದ್ದರೆ ಮಗಳ ಕಾಲೇಜು ಹೋಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅಣ್ಣ ಕುರ್ಚಿ ನೋಡಿದ, ಫ್ಯಾನು ನೋಡಿದ, ಕೈ ಒರೆಸಿಕೊಂಡು “ಸಾಧಾರಣ ಹಾಕು” ಎಂದ. ಹಾಕಿದೆ.

ಕಾರಿನಲ್ಲಿ ಕೂತ ಮೇಲೆ ಬಾಯಿ ಬಂತು. “ಅಣ್ಣಾ, ತಾಟು, ತಂಬಿಗಿ ಎಲ್ಲಾ ಮಂದೀವು. ಮ್ಯಾಲಿನ ಹೆಸರು ನೋಡ್ಲಿಲ್ಲೇನು?”

“ತಾಟು ಮಂದೀವು ಇರಬಹುದು. ಬ್ಯಾಳಿ, ಬೆಲ್ಲ, ತುಪ್ಪ? ತುಪ್ಪ ತಿನ್ನೋ ಮನಿ ಬಡವರ ಮನಿ ಹೆಂಗ ಆಗ್ತೈತಿ?”

“ಅವರು ತಿಂತಾರಂತ ಯಾರು ಹೇಳಿದ್ರು? ತಿಂದವರು ನಾವು.”

“ಫಾರ್ಮು ತುಂಬಿದ್ದಾತು. ಒಬ್ಬರದು ತಿದ್ದಿದ್ರ ಎಲ್ಲಾರದೂ ತಿದ್ದಬೇಕಾಗ್ತೈತಿ,” ಎಂದು ಅಣ್ಣ ಮಾತು ಮುಗಿಸಿದ. ಅವನು ಕೆಟ್ಟವನಲ್ಲ. ಅದೇ ನನ್ನ ತಲೆನೋವು. ಕೆಟ್ಟವನಾಗಿದ್ದರೆ ಜಗಳ ಮಾಡುವುದು ಸುಲಭವಿತ್ತು.

ಜೂನ್‌ನಲ್ಲಿ ಗದಗಿನ ಸಭಾಭವನದಲ್ಲಿ ವರ್ಷದ ಕಾರ್ಯಕ್ರಮ. ಕಪಾಟಿನ ತುಂಬ ಶಾಲು ಇದ್ದವರಿಗೆ ಮತ್ತೆ ಶಾಲು ಹೊದಿಸಿ, ಅವರ ಭಾಷಣ ಮುಗಿಯುವವರೆಗೆ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿದೆವು. ಆಯ್ಕೆಯಾದವರ ಹೆಸರು ಓದಿದವಳು ನಾನೇ. ಎಲ್ಲ ಮುಗಿದ ಮೇಲೆ ಯಳವತ್ತಿಯ ಆ ಅವ್ವ ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದಳು.

“ಅಕ್ಕಾರ, ನಮ್ಮ ಹುಡುಗಿ ಹೆಸರು ಬರ್ಲಿಲ್ರಿ. ನಮ್ಮ ಕಡಿಂದ ಏನರ ಕಡಿಮಿ ಆತೇನ್ರಿ?”

ಅಣ್ಣನ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು ಎಲ್ಲವನ್ನೂ ನಾನು ಅವಳ ಮೇಲೆ ಕಾರಿದೆ. “ಕಡಿಮಿ ಆಗ್ಲಿಲ್ಲವ್ವಾ, ಹೆಚ್ಚಾತು. ಯಾರು ಹೇಳಿದ್ರು ನಿಮಗ ಹೋಳಿಗಿ ಮಾಡಂತ? ಮಂದಿ ಮನಿ ಕುರ್ಚಿ, ತಾಟು ಯಾಕ ತಂದ್ರಿ?”

ಅವಳು, “ಮನಿಗೆ ಬಂದಿದ್ರೆಲ್ರೀ ಅಕ್ಕಾರ,” ಎಂದಳು. ಹುಡುಗಿ ತಲೆ ತಗ್ಗಿಸಿದಳು. ಅವಳ ಮನೆಯಲ್ಲಿ ಯಾವ ಮಾನವನ್ನು ಕಾಯಲು ನಾನು ಸುಮ್ಮನಿದ್ದೆನೋ, ಅದನ್ನು ಸಭಾಭವನದ ಬಾಗಿಲಲ್ಲಿ ನಾನೇ ತೆಗೆದಿದ್ದೆ. ವಾರವಾದ ಮೇಲೆ, ಖರ್ಚು ನಾನೇ ಕೈಯಿಂದ ಹಾಕುತ್ತೇನೆ ಎಂದು ಊರಿಗೆ ಹೇಳಿಕಳಿಸಿದೆ. ಅಷ್ಟರಲ್ಲಿ ಹುಡುಗಿ ಲಕ್ಷ್ಮೇಶ್ವರದಲ್ಲಿ ಆರ್ಟ್ಸ್ ಸೇರಿ ಬಸ್ಸಿನಲ್ಲಿ ಓಡಾಡತೊಡಗಿದ್ದಳು. “ಇರ್ಲಿ ಬಿಡ್ರಿ” ಎಂಬ ಉತ್ತರ ಬಂತು. ಮನೆ ನೋಡುವುದನ್ನು ನಿಲ್ಲಿಸೋಣ, ಶಾಲೆಯ ಮಾಸ್ತರರನ್ನು ಕೇಳಿದರೆ ಸಾಕು ಎಂದು ಅಣ್ಣನ ಜೊತೆ ಎಷ್ಟೋ ಸಲ ವಾದ ಮಾಡಿದೆ. ಟ್ರ್ಯಾಕ್ಟರಿನ ಕಥೆ ಮತ್ತೆ ಕೇಳಬೇಕಾಯಿತು.

ಈ ವರ್ಷ ಅದೇ ಮನೆಯ ಕಿರಿಯ ಹುಡುಗಿಯ ಅರ್ಜಿ ಬಂತು. ಹೋದೆವು. ರಂಗೋಲಿ ಇರಲಿಲ್ಲ, ಕುರ್ಚಿ ಇರಲಿಲ್ಲ, ಫ್ಯಾನೂ ಇರಲಿಲ್ಲ. ಚಾಪೆಯ ಮೇಲೆ ಕೂತೆವು. ಅವ್ವ ಸೆರಗು ಹೊದ್ದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ. ನಮ್ಮ ಕಡೆ ಕರೆಂಟ್ ಬಿಲ್ಲು ಕೊಡಲು ಬಂದವನಿಗೂ ಮೊದಲು ನೀರು ಕೊಡುತ್ತಾರೆ. ಅವಳು ನೀರಿನ ಮಾತೇ ಎತ್ತಲಿಲ್ಲ. ಅಣ್ಣ ಒಣಗಿದ ಗಂಟಲಲ್ಲಿ ಎರಡು ಸಲ ಕೆಮ್ಮಿ, ಸುತ್ತಲೂ ನೋಡಿ, “ಕಷ್ಟ ಹಾಕು. ಇದು ನೋಡು ಖರೆ ಬಡತನ,” ಎಂದು ನನಗೆ ಮೆಲ್ಲಗೆ ಹೇಳಿ ಕಾರಿನ ಕಡೆ ನಡೆದ. ಮನೆ ಅದೇ, ಗೋಡೆ ಅದೇ.

ಚೀಲ ಎತ್ತಿಕೊಳ್ಳುತ್ತಿದ್ದಾಗ ಅವಳು ಹತ್ತಿರ ಬಂದಳು.

“ಬರದಾತೇನ್ರಿ ಅಕ್ಕಾರ?”

“ಆತವ್ವಾ.”

“ಇನ್ನ ತಿದ್ದಂಗಿಲ್ಲಲ್ರೀ?”

“ಇಲ್ಲ.”

“ಹಂಗಾರ ಒಂದೀಟು ನಿಂದರ್ರಿ,” ಎಂದು ಒಳಗೆ ಓಡಿದಳು. ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲದ ತುಂಡು ಹಿಡಿದು ಬಂದಳು. “ಬಿಸಲಾಗ ಬಂದೀರಿ. ಮೊದಲ ಕೊಡಾಕ ಅಂಜಿಕಿ ಆತ್ರಿ.”

ಈ ಅಂಜಿಕೆ ಕಲಿಸಿದವಳು ನಾನು. ಹೊರಗೆ ಅಣ್ಣ ಹಾರ್ನ್ ಬಾರಿಸುತ್ತಿದ್ದ. ನಿಂತೇ ನೀರು ಕುಡಿದೆ. ತಂಬಿಗೆಯ ಮೇಲೆ ಅವರದೇ ಹೆಸರಿತ್ತು.