ಎಲ್ಲ ಮಗ್ಗಕ್ಕೂ ಸೊನ್ನೆ

‘ಈಕೀಗೆ ಇದು ಆಗೂದಲ್ಲ ಬಿಡ್ರಿ’ ಎಂದವರು ನಮ್ಮ ದೊಡ್ಡಪ್ಪ. ಬನಹಟ್ಟಿಯಲ್ಲಿ ಅವರದೊಂದು ಪವರ್‌ಲೂಮ್ ಶೆಡ್ಡು. ಅಪ್ಪ ಅಲ್ಲೇ ನೇಯುತ್ತಿದ್ದ. ಹುಬ್ಬಿನ ಮೇಲೆ ಕೂತ ಹತ್ತಿಯ ಧೂಳನ್ನೂ ಒರೆಸಿಕೊಳ್ಳದೆ ದೊಡ್ಡಪ್ಪ ಅವ್ವನಿಗೆ ಹೇಳಿದ್ದರು: ಕಾಲೇಜಿನ ಪ್ರಾಜೆಕ್ಟಿನಲ್ಲಿ ಫೇಲಾದರೆ ಓದು ಸಾಕು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸು. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು.

ಜಮಖಂಡಿಯ ಕಾಲೇಜಿನಲ್ಲಿದ್ದ ನಮ್ಮ ಲ್ಯಾಬ್ ಮೇಡಮ್ಮಾರು ಆಗುತ್ತದೆ ಎಂದೇನೂ ಹೇಳಲಿಲ್ಲ. ‘ನೋಡೂಣು’ ಎಂದರು, ಅಷ್ಟೇ. ಪರ್ಸಿನಲ್ಲಿ ಯಾವಾಗಲೂ ಹುರಿದ ಶೇಂಗಾ. ತಪ್ಪಿದ್ದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ತಿನ್ನುತ್ತ ನಿಲ್ಲುವರು. ನಮಗೇ ಹೊಳೆಯುವ ತನಕ ಬೆರಳು ಕದಲುತ್ತಿರಲಿಲ್ಲ. ಸಂಜೆಗೆ ಲ್ಯಾಬಿನ ಪರದೆಗಳ ತುಂಬ ಅವರ ಬೆರಳಚ್ಚು. ಅವರದೊಂದೇ ಹಟ: ಪ್ರೋಗ್ರಾಮು ಎರಡನೆಯ ಮಶಿನ್ ಮೇಲೆ ನಡೆಯದೆ ಸಹಿ ಇಲ್ಲ. ಸಹಿ ಇಲ್ಲದೆ ಪರೀಕ್ಷೆ ಇಲ್ಲ.

ಮಗ್ಗ ಹಾಕಿದ ಒಂದೊಂದು ಅಡ್ಡ ಎಳೆಯನ್ನೂ ಎಣಿಸಿ, ಯಾವ ಮಗ್ಗ ಎಷ್ಟು ನೇಯ್ದಿತು ಎಂದು ತೋರಿಸುವುದು ನನ್ನ ಪ್ರಾಜೆಕ್ಟು. ಎಣಿಕೆ ಬೆಳೆಯುತ್ತಲೇ ಹೋಗುವಂಥದು, ಅದಕ್ಕೇ ಅರವತ್ನಾಲ್ಕು ಬಿಟ್ಟಿನ ದೊಡ್ಡ ಸಂಖ್ಯೆ ಇಟ್ಟೆ. ಅದನ್ನು ಪರದೆಗೆ ತರಲು %lu ಎಂಬ ಗುರುತು ಬರೆದೆ. ಲ್ಯಾಬಿನಲ್ಲಿ ಛಲೋ ನಡೆಯಿತು. ಎರಡನೆಯ ಮಶಿನ್ನಿಗೆ ದೊಡ್ಡಪ್ಪನ ಶೆಡ್ಡಿನಲ್ಲಿದ್ದ ಮೂವತ್ತೆರಡು ಬಿಟ್ಟಿನ ಹಳೇ ಕಂಪ್ಯೂಟರೇ ಆದೀತು ಎಂದುಕೊಂಡೆ.

ಅಲ್ಲಿ ಎಳೆಯ ಎಣಿಕೆ ಸರಿಯಾಗಿ ಬಂತು. ಅದರ ಪಕ್ಕದಲ್ಲಿ ಮಗ್ಗದ ನಂಬರು ಬರಬೇಕಿತ್ತು. ಎಲ್ಲ ಮಗ್ಗಕ್ಕೂ ಸೊನ್ನೆ ಬಂತು. ಶೆಡ್ಡಿನಲ್ಲಿ ಯಾರು ಎಷ್ಟು ನೇಯ್ದರೆಂದು ಗುರುತಿಸುವುದೇ ಮಗ್ಗದ ನಂಬರಿನಿಂದ. ದೊಡ್ಡಪ್ಪ ಪರದೆ ನೋಡಿ ಹೇಳಿದರು: ‘ಏನವಾ, ನಮ್ಮ ಮಂದೀನೆಲ್ಲಾ ಒಂದ ಸೊನ್ನಿಗೆ ಕಟ್ಟಿಬಿಟ್ಟಿ?’ ನೇಕಾರರೆಲ್ಲ ನಕ್ಕರು. ಅಪ್ಪ ನಗಲಿಲ್ಲ.

ಮೇಡಮ್ಮಾರು ಕೇಳಿದ್ದು ಒಂದೇ ಮಾತು: ಶೆಡ್ಡಿನಲ್ಲಿ ಪ್ರೋಗ್ರಾಮನ್ನು ಆ ಮಶಿನ್ನಿನ ಭಾಷೆಗೆ ಕಂಪೈಲ್ ಮಾಡುವಾಗ ಕಂಪ್ಯೂಟರ್ ಏನಾದರೂ ಎಚ್ಚರಿಸಿತೇ? ಎಚ್ಚರಿಸಿತ್ತು. ನಾನೇ ಓದದೆ ಬಿಟ್ಟಿದ್ದೆ. ‘ಅದು ಬಡಕೊಳ್ಳಾಕತ್ತಿದ್ರ ಕುಂತ ಕೇಳಬೇಕ ಬೇ, ನಿಮ್ಮವ್ವನ ಮಾತ ಕೇಳಿದಂಗ ಕೇಳಬಾರದು’ ಎಂದರು. ಆಮೇಲೆ ಶೇಂಗಾದ ಎಂಟು ಕಾಳು ಮೇಜಿನ ಮೇಲೆ ಸಾಲಾಗಿಟ್ಟರು. ನನ್ನ ಸಂಖ್ಯೆಗೆ ಎಂಟು ಮನೆ, ಎಂದರೆ ಎಂಟು ಬೈಟು. ಹಳೇ ಮಶಿನ್ನಿನಲ್ಲಿ ನನ್ನ ಗುರುತು ನಾಲ್ಕೇ ಮನೆ ಓದಿ ನಿಲ್ಲುತ್ತದೆ. ಎಣಿಕೆ ಇನ್ನೂ ಸಣ್ಣದಾದ್ದರಿಂದ ಉಳಿದ ನಾಲ್ಕರಲ್ಲಿ ಇರುವುದು ಬರೀ ಸೊನ್ನೆ, ಅದೇ ಮಗ್ಗದ ನಂಬರೆಂದು ಹೊರಗೆ ಬರುತ್ತದೆ.

ನಾನು ಜಾಣತನ ಮಾಡಿ ಎರಡು ಪ್ರತಿ ಬರೆದೆ, ಲ್ಯಾಬಿಗೊಂದು, ಶೆಡ್ಡಿಗೊಂದು. ಮಗ್ಗ ಬದಲಾದರೆ ಎಳೆ ಬಿಡಿಸುವ ಹಣಿಗೆಯನ್ನೂ ಬದಲಿಸುವ ಮನೆಯವಳು ನಾನು. ಅದೇ ಸರಿ ಅನಿಸಿತ್ತು. ಮೇಡಮ್ಮಾರು ಎರಡನ್ನೂ ಪಕ್ಕಕ್ಕೆ ಸರಿಸಿದರು. ‘ನಾಳೆ ಮೂರನೇ ಮಶಿನ್ ಬಂದ್ರ ಮೂರನೇದ ಬರಿತೀಯೇನು? ಗುರುತು ನೀ ಊಹಿಸಬ್ಯಾಡ. ಆ ಮಶಿನ್ನಿನ ಕಂಪೈಲರನ್ನ ಕೇಳು.’

ಕೇಳುವ ದಾರಿ ಸಿ ಭಾಷೆಯಲ್ಲೇ ಇತ್ತು. ಗುರುತಿನ ಜಾಗದಲ್ಲಿ PRIu64 ಎಂದು ಬರೆದರೆ, ಆಯಾ ಮಶಿನ್ನಿಗೆ ಒಪ್ಪುವ ಗುರುತು ತಾನೇ ಬಂದು ಕೂರುತ್ತದೆ. ಹುಡುಕಿದವಳು ನಾನೇ. ಅವರು ಪುಸ್ತಕ ಕೊಟ್ಟು ಶೇಂಗಾ ತಿನ್ನುತ್ತ ಕೂತಿದ್ದರು.

ಬನಹಟ್ಟಿಯ ಕಡೆಯ ಆಟೋ ಹಿಡಿದು ಶೆಡ್ಡಿಗೆ ಅವರೂ ಬಂದರು. ಈ ಸಲ ಕಂಪೈಲರ್ ಒಂದು ಮಾತೂ ಆಡಲಿಲ್ಲ. ಪರದೆಯ ಮೇಲೆ ಮಗ್ಗಗಳ ನಂಬರು ಒಂದರ ಕೆಳಗೊಂದು ಬಂದವು. ನೇಕಾರರು ಮಗ್ಗ ನಿಲ್ಲಿಸಿ ಬಂದು ತಮ್ಮ ತಮ್ಮ ನಂಬರು ಹುಡುಕಿದರು. ಅಪ್ಪ ತನ್ನದನ್ನು ಎರಡು ಸಲ ನೋಡಿದ. ದೊಡ್ಡಪ್ಪ ಮೇಡಮ್ಮಾರಿಗೆ ಚಹಾ ತರಿಸಿದರು. ಅವರು ಸಹಿ ಮಾಡಿದ್ದು ಅಲ್ಲೇ, ನೂಲಿನ ಚೀಲದ ಮೇಲೆ ಹಾಳೆ ಇಟ್ಟು.

ಪರೀಕ್ಷೆ ಮಾಡಲು ಬಂದವರು ತಮ್ಮದೇ ಲ್ಯಾಪ್‌ಟಾಪ್ ಕೊಟ್ಟು ಇದರ ಮೇಲೆ ನಡೆಸು ಎಂದರು. ನಡೆಯಿತು. ಅಂದಿನಿಂದ ಇಂದಿನವರೆಗೆ ನಾನು ಬರೆದದ್ದು ಯಾವ ಮಶಿನ್ ಮೇಲೆ ಹೋದರೂ ನನಗೆ ಅಂಜಿಕೆ ಇಲ್ಲ. ಅದು ಮೇಡಮ್ಮಾರು ಕೊಟ್ಟದ್ದು.

ಪದವಿ ಪತ್ರ ಬಂದ ದಿನ ಅವ್ವನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮೇಡಮ್ಮಾರು ಪತ್ರ ಪೂರ್ತಿ ಓದಿ, ನನಗೆ ಕೊಡದೆ ಅವ್ವನ ಕೈಗೆ ಕೊಟ್ಟರು. ಲ್ಯಾಮಿನೇಷನ್ ಮಾಡಿಸಿ ಇಡಿ ಎಂದರು. ಅವ್ವ, ಹೊಸ ಸೀರೆಯ ನೇಯ್ಗೆಯ ಹದ ನೋಡುವವಳಂತೆ, ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

‘ಬ್ಯಾಡ್ರಿ ಮೇಡಮ್ಮಾರ’ ಎಂದಳು. ‘ಓಣ್ಯಾಗಿನ ಹೆಣ್ಣಮಕ್ಕಳು ಎಲ್ಲಾರೂ ಮುಟ್ಟಿ ನೋಡ್ಲಿ.’