ಇಸ್ತ್ರಿ ಅಕ್ಕನ ಪ್ರತಿಸ್ಪರ್ಧಿ

ಬೀದಿಯ ತಿರುವಿನಲ್ಲಿದ್ದ ಒಂದೇ ಬಾಗಿಲಿನ ಇಸ್ತ್ರಿ ಅಂಗಡಿಯಿಂದ ಅಕ್ಕ ತನ್ನ ಸಾಮ್ರಾಜ್ಯವನ್ನು ಆಳುತ್ತಿದ್ದಳು. ಬಟ್ಟೆ ಬರೀ ನೆಪ. ಜನ ತಂದು ಸುರಿಯುತ್ತಿದ್ದದ್ದು ತಾಪತ್ರಯಗಳನ್ನು. ಅಂಗಿಯ ಕಾಲರ್ ಮುಗಿಯುವಷ್ಟರಲ್ಲಿ ಗಂಡ ಮುನಿಸಿಕೊಂಡದ್ದು ಯಾಕೆಂದು ಹೇಳುತ್ತಿದ್ದಳು, ತೋಳಿಗೆ ಬರುವಷ್ಟರಲ್ಲಿ ಅದಕ್ಕೆ ಮದ್ದನ್ನೂ ಹೇಳಿ ಮುಗಿಸುತ್ತಿದ್ದಳು. ಕೇಳಿದವರಿಗೆ ಬುದ್ಧಿ ಹೇಳುತ್ತಿದ್ದಳು, ಕೇಳದವರಿಗೆ ಇನ್ನಷ್ಟು ಹೇಳುತ್ತಿದ್ದಳು.

ದೀಪದ ಬುಡದಲ್ಲಿ ಕತ್ತಲೆ ಎಂಬಂತೆ ಈ ಚಕ್ರವರ್ತಿನಿಗೆ ಮಣಿಯದ ಪ್ರಜೆಯೊಬ್ಬ ಮನೆಯೊಳಗೇ ಇದ್ದ. ಅವಳ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಅವಳೇ ಸಾಕಿ ಬೆಳೆಸಿದ ಹುಡುಗ, ಈಗ ನಡುವಯಸ್ಸಿನವನು. ಮರದ ಸಾಮಾನಿಗೆ ಪಾಲಿಶ್ ಹಾಕುವುದು ಅವನ ಕಸುಬು. ಅವನು ಉಜ್ಜಿದ ಮೇಜಿನಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಸಂಜೆಯಾದರೆ ಮಾತ್ರ ಬಾಟಲಿಯೇ ಗತಿ. ಅಕ್ಕ ಅತ್ತಳು, ಆಣೆ ಹಾಕಿಸಿದಳು, ಊಟ ಬಿಟ್ಟಳು, ಬಾಟಲಿಗಳನ್ನು ಮೋರಿಗೆ ಸುರಿದಳು. ಬತ್ತಳಿಕೆಯ ಬಾಣಗಳೆಲ್ಲ ಖಾಲಿಯಾದವು. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಒಮ್ಮೆ ಅವನ ಕೈ ನಡುಗಿ, ಯಾರದೋ ಬೀರುವಿನ ಬಾಗಿಲ ಮೇಲೆ ಪಾಲಿಶ್ ಗೆರೆಗೆರೆಯಾಗಿ ಬಿತ್ತು. ಹೆದರಿ ಆಸ್ಪತ್ರೆಗೆ ಹೋದ. ಡಾಕ್ಟರು ಮಾತ್ರೆ ಕೊಟ್ಟು, ಹಿಂಬದಿಯ ಕೋಣೆಯಲ್ಲಿ ಕೌನ್ಸೆಲರ್ ಇದ್ದಾರೆ, ಅವರ ಹತ್ತಿರ ಮಾತಾಡು ಎಂದರು. ಅಂದು ತಮ್ಮ ಕೌನ್ಸೆಲರ್ ಹತ್ತಿರ ಮಾತಾಡಿ, ಶಿಳ್ಳೆ ಹಾಕುತ್ತ ಮನೆಗೆ ಬಂದ.

ಅಕ್ಕನ ಕಿವಿ ನೆಟ್ಟಗಾಯಿತು. "ಏನಂತೋ ಅವನು ಹೇಳಿದ್ದು?"

"ಏನೂ ಹೇಳ್ಲಿಲ್ಲ ಕಣಕ್ಕ. ಕೇಳಿದ್ರು."

"ಏನು ಕೇಳಿದ?"

"ಕುಡಿಯೋದ್ರಲ್ಲಿ ನಿಮಗೇನು ಇಷ್ಟ ಅಂತ."

ಅಕ್ಕನ ಕೈಯಲ್ಲಿದ್ದ ಸೀರೆ ಸುಡುವುದೊಂದು ಬಾಕಿ. "ಅಯ್ಯೋ ನಿನ್ನ! ಕಳ್ಳನ್ನ ಕೂರಿಸ್ಕೊಂಡು ಕದಿಯೋದ್ರಲ್ಲಿ ಏನಪ್ಪ ಮಜಾ ಅಂತ ಕೇಳ್ತಾರೇನೋ? ಅದಕ್ಕೆ ನೀನೇನಂದೆ?"

"ಏನೇನೋ ಅಂದೆ. ಆಮೇಲೆ ಇಷ್ಟ ಇಲ್ಲದ್ದನ್ನೂ ಕೇಳಿದ್ರು. ಅದು ಇನ್ನೂ ಜಾಸ್ತಿ ಇತ್ತು. ನನಗೇ ಆಶ್ಚರ್ಯ ಆಯ್ತು."

"ನನಗೂ ಹೇಳೋ ಮತ್ತೆ!"

"ನಿನಗೆ ಹೇಳಿದ್ರೆ ಮುಗಿಯೋಕೆ ಮುಂಚೆ ಉತ್ತರ ಬರುತ್ತೆ" ಎಂದು ತಮ್ಮ ನಕ್ಕು ಸ್ನಾನಕ್ಕೆ ಹೋದ.

ಆ ನಗು ಅಕ್ಕನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ತಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡದ್ದು ಗಾಳಿಗೆ, ಯಾವನೋ ಸುಮ್ಮನೆ ಕೇಳಿದ್ದು ವೇದವಾಕ್ಯ! ವಾರಗಳು ಕಳೆದಂತೆ ತಮ್ಮನ ಕುಡಿತ ಇಳಿಯಿತು, ಆಮೇಲೆ ನಿಂತೇಹೋಯಿತು. ಅಕ್ಕನಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಆದರೆ ಆ ಖುಷಿಯ ಮೇಲೆ ಇನ್ನೊಬ್ಬನ ಹೆಸರಿತ್ತು. ತಮ್ಮ ಮಾತೆತ್ತಿದರೆ 'ಅವರು ಹಾಗಂದ್ರು', 'ಅವರು ಹೀಗೆ ಕೇಳಿದ್ರು'. ಬೀದಿಯವರು "ಯಾರಕ್ಕ ಆ ಪುಣ್ಯಾತ್ಮ?" ಎಂದು ವಿಳಾಸ ಕೇಳತೊಡಗಿದಾಗ ಸಾಮ್ರಾಜ್ಯದ ಗಡಿಯೇ ಅಲುಗಿತು.

ಅವಳು ಶತ್ರುವಿನ ವಿದ್ಯೆಯನ್ನೇ ಕದ್ದು ಯುದ್ಧಕ್ಕಿಳಿದಳು. ಊಟಕ್ಕೆ ಕೂತ ತಮ್ಮನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತು, "ಹೇಳೋ, ಕುಡಿಯೋದ್ರಲ್ಲಿ ನಿನಗೇನು ಇಷ್ಟ? ಏನೂ ಇಲ್ಲ ತಾನೆ? ಇಲ್ಲ ಅಂತ ನನಗೆ ಗೊತ್ತು. ಮತ್ಯಾಕೆ ಕುಡೀತಿದ್ದೆ?" ಎಂದಳು. ತಮ್ಮನಿಗೆ ಅನ್ನ ನೆತ್ತಿಗೆ ಹತ್ತಿತು.

ಇನ್ನು ನೇರ ದಾಳಿಯೇ ಗತಿ ಎಂದು ಅಕ್ಕ ಆಸ್ಪತ್ರೆಗೆ ನಡೆದಳು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು, ಒಬ್ಬ ಸಣಕಲು ಮನುಷ್ಯ. ಅವನ ಅಂಗಿ ಹಾಸಿಗೆಯಡಿಯಿಂದ ಎಳೆದು ತಂದಂತೆ ಮುದುಡಿತ್ತು. ಅಕ್ಕನಿಗೆ ಪರಮಾನಂದವಾಯಿತು. ಸ್ವಂತ ಕಾಲರ್ ನೆಟ್ಟಗಿಡಲಾಗದವನು ಊರಿನವರ ಬದುಕು ನೆಟ್ಟಗೆ ಮಾಡುತ್ತಾನಂತೆ!

"ನನ್ನ ತಮ್ಮನಿಗೆ ಏನು ಮಂತ್ರ ಹಾಕಿದೀರಿ?"

"ಅವರು ಇಲ್ಲಿ ಮಾತಾಡಿದ್ದನ್ನ ನಾನು ಹೇಳೋ ಹಾಗಿಲ್ಲ ಅಕ್ಕ, ತಪ್ಪು ತಿಳೀಬೇಡಿ."

ಅಕ್ಕ ಕಣ್ಣರಳಿಸಿ ನೋಡಿದಳು. ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಪ್ರಾಣಿಯನ್ನು ಅವಳು ತನ್ನ ವೃತ್ತಿಯಲ್ಲಿ ಕಂಡಿರಲಿಲ್ಲ.

"ಇಷ್ಟು ವರ್ಷ ನಿಮಗೆ ಹೇಗಿತ್ತು ಅಕ್ಕ, ಇದೆಲ್ಲ?" ಎಂದ ಅವನು.

ಯಾರೂ ಕೇಳಿರದ ಪ್ರಶ್ನೆ. "ನನಗೇನು, ಕಲ್ಲುಗುಂಡಿನ ಹಾಗಿದೀನಿ" ಎಂದು ಶುರುಮಾಡಿದವಳು, ತಮ್ಮ ಬರುವ ಹೆಜ್ಜೆಯ ಸಪ್ಪಳ ಕೇಳಿಯೇ ಎಷ್ಟು ಕುಡಿದಿದ್ದಾನೆಂದು ತಿಳಿಯುವುದನ್ನು ಹೇಳಿದಳು. ಅವನು ಮೋರಿಯ ಪಕ್ಕ ಬಿದ್ದಿದ್ದಾಗ ಮೊದಲು ಉಸಿರಿದೆಯಾ ನೋಡಿ ಆಮೇಲೆ ಬೈದದ್ದನ್ನೂ ಹೇಳಿದಳು. ಸೆರಗಿನ ತುದಿ ಒದ್ದೆಯಾಯಿತು.

"ನಿಮಗೊಂದು ಮಾತು ಹೇಳಬಹುದಾ?" ಎಂದ ಅವನು.

"ಹೇಳಿ" ಎಂದಳು. ಬುದ್ಧಿ ಹೇಳಲು ಅಪ್ಪಣೆ ಕೇಳುವ ಪದ್ಧತಿಯೂ ಇದೆಯೆಂದು ಅವಳಿಗೆ ಅಂದೇ ತಿಳಿದದ್ದು.

"ನಡುವೆ ಒಂದಿನ ಅವರು ಮತ್ತೆ ಕುಡಿಯಬಹುದು. ಹಾಗಾದ್ರೆ ಎಲ್ಲ ಮುಗೀತು ಅಂತಲ್ಲ. ಆಗಲೇ ಅವರು ಇಲ್ಲಿಗೆ ಬರಬೇಕಾದ್ದು."

ಅಕ್ಕ ಹೊರಗೆ ಬಂದದ್ದು ಉರಿದುಕೊಂಡೇ. "ಕಳ್ಳ! ನನ್ನ ಬಾಯಿಂದಲೂ ಎಲ್ಲಾ ಕಕ್ಕಿಸಿಬಿಟ್ಟ" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಕೌನ್ಸೆಲರ್ ಹೇಳಿದಂತೆಯೇ ಆಯಿತು. ಕೆಲಸದ ಕಡೆಯ ಗೆಳೆಯರ ಜೊತೆ ಹೋದ ತಮ್ಮ ಕುಡಿದು ಬಂದ. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾದವನು ಗೋಡೆಗೆ ಮುಖ ಮಾಡಿ ಮಲಗಿದ್ದ.

"ಹೋಗಲ್ವೇನೋ?"

"ಯಾವ ಮುಖ ಹೊತ್ಕೊಂಡು ಹೋಗ್ಲಿ? ಇನ್ನು ಅಲ್ಲಿಗೆ ಹೋಗಲ್ಲ. ನೀನೇ ನಾಲ್ಕು ಬೈದುಬಿಡಕ್ಕ, ಸಾಕು."

ಅಕ್ಕನ ಎದೆಯಲ್ಲಿ ವಿಜಯದ ನಗಾರಿ ಮೊಳಗಿತು. ಶತ್ರು ಮಣ್ಣುಮುಕ್ಕಿದ! ಕಳೆದುಹೋದ ಪ್ರಜೆ ತಾನಾಗಿ ಬಂದು ಪಾದಕ್ಕೆ ಬಿದ್ದಿದ್ದಾನೆ! ಬೈಗುಳಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು. ಆದರೆ ಮುಂದಿನದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಅವಳು ಬೈಯುತ್ತಾಳೆ, ಅವನು ತಲೆ ತಗ್ಗಿಸಿ ಕೇಳುತ್ತಾನೆ, ಇಬ್ಬರಿಗೂ ಹಗುರಾಗುತ್ತದೆ. ಸಂಜೆ ಅವನು ಆ ಬೈಗುಳವನ್ನೇ ನೆಂಚಿಕೊಂಡು ಕುಡಿಯುತ್ತಾನೆ.

ಅಕ್ಕ ಒಂದು ಗುಟುಕು ನೀರು ಕುಡಿದು ಬೈಗುಳವನ್ನು ಒಳಕ್ಕೆ ತಳ್ಳಿದಳು.

"ಏಳೋ. ಆ ಮುದುಡು ಅಂಗಿಯವನ ಹತ್ರ ನಡಿ."

"ಅವರೇನಂತಾರೋ..."

"ಅವನೇನೂ ಅನ್ನಲ್ಲ. ಅದೇ ಅಲ್ವೇನೋ ಅವನ ಹೆಚ್ಚುಗಾರಿಕೆ!"

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಅಕ್ಕನ ಮಟ್ಟಿಗೆ ಅದೊಂದು ಘೋರ ತಪಸ್ಸು. ಬಾಗಿಲು ತೆರೆದ ಕೌನ್ಸೆಲರ್ ತಮ್ಮನನ್ನು ಕಂಡು, "ಬಂದ್ರಲ್ಲ, ಒಳ್ಳೇದಾಯ್ತು" ಎಂದ. ಆಮೇಲೆ ತಮ್ಮನನ್ನೇ ಕೇಳಿದ: "ಅಕ್ಕನೂ ಒಳಗೆ ಬರಬಹುದಾ?"

ಅಕ್ಕ ಆಗಲೇ ಒಂದು ಕಾಲು ಹೊಸ್ತಿಲ ಮೇಲಿಟ್ಟಾಗಿತ್ತು. ತಮ್ಮ ಅವಳ ಮುಖ ನೋಡಿದ, ನೆಲ ನೋಡಿದ.

"ಬೇಡ. ಅವಳು ಹೊರಗಿರಲಿ."

ಅಕ್ಕ ಕಾಲು ಹಿಂದಕ್ಕೆ ತೆಗೆದಳು. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಕೂತು ಕಿವಿಗೊಟ್ಟಳು. ಬರೀ ಫ್ಯಾನಿನ ಸದ್ದು. ಬಹಳ ಹೊತ್ತಿನ ಮೇಲೆ ತಮ್ಮ ಬಿಕ್ಕಿದ್ದು ಕೇಳಿತು. ತನ್ನ ಎದುರು ಅವನು ಅತ್ತದ್ದು ಅಮ್ಮ ಹೋದ ದಿನವೇ ಕೊನೆ. ಹೊಟ್ಟೆಯೊಳಗಿನ ಕೆಂಡ ಧಗಧಗ ಉರಿಯಿತು. ಎದ್ದು ಬಾಗಿಲು ತಟ್ಟಬೇಕೆನಿಸಿತು.

ಬೆಂಚಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಅಕ್ಕ ಕೂತೇ ಇದ್ದಳು.